ನಾಕ್‌ಔಟ್ ಗಂಡಿಲಿ: ಪ್ಲಗ್ ಸಿಗುತ್ತೆ, ವೀರ್ಯಾಣು ಈಜುತ್ತೆ, ಮರಿ ಮಾತ್ರ ಇಲ್ಲ

ಗೂಡುಕಾವಲು:
ನಾಲ್ಕು ತಿಂಗಳಿಂದ ತಲೆ ತಿಂತಿರೋ ವಿಷಯ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಪ್ಲೀಸ್. ವೃಷಣದಲ್ಲಿ ಮಾತ್ರ ಕೆಲಸ ಮಾಡೋ ಒಂದು ಜೀನನ್ನ ಕ್ರಿಸ್ಪರ್‌ನಲ್ಲಿ (ಜೀನ್ ಕತ್ತರಿಸೋ ವಿಧಾನ) ತೆಗೆದು ನಾಕ್‌ಔಟ್ ಇಲಿ ಮಾಡ್ಕೊಂಡಿದೀವಿ. ಜೀನ್ ಹೆಸರು ಈಗಲೇ ಹೇಳೋ ಹಾಗಿಲ್ಲ, ಬೇಜಾರು ಮಾಡ್ಕೋಬೇಡಿ. ಎರಡೂ ಕಾಪಿ ಹೋಗಿರೋ ಗಂಡು ಐದಿವೆ, ಒಂದೊಂದಕ್ಕೂ ಎರಡೆರಡು ಹೆಣ್ಣು ಬಿಟ್ಟಿದೀವಿ. ಬೆಳಿಗ್ಗೆ ಹೋಗಿ ನೋಡಿದ್ರೆ ಹೆಣ್ಣಿನಲ್ಲಿ ಪ್ಲಗ್ (ಕೂಡಿದ ಮೇಲೆ ವೀರ್ಯ ಗಟ್ಟಿಯಾಗಿ ಆಗೋ ಬಿರಡೆ) ಇರುತ್ತೆ, ಅಂದ್ರೆ ಕೂಡೋದ್ರಲ್ಲಿ ತೊಂದ್ರೆ ಇಲ್ಲ. ಆದ್ರೆ ಮೂರು ತಿಂಗಳಲ್ಲಿ ಒಂದೇ ಒಂದು ಮರಿ ಹುಟ್ಟಿಲ್ಲ. ಒಂದು ಕಾಪಿ ಮಾತ್ರ ಹೋಗಿರೋ ಇವುಗಳ ಅಣ್ಣತಮ್ಮಂದಿರಿಗೆ ಸಲಕ್ಕೆ ಏಳೆಂಟು ಮರಿ ಆಗ್ತಿದೆ.

ವೃಷಣದ ತೂಕ ನೋಡಿದೆ, ಸರಿಯಾಗಿದೆ. ಎಪಿಡಿಡಿಮಿಸ್‌ನಿಂದ (ವೃಷಣದ ಪಕ್ಕ ವೀರ್ಯಾಣು ಬಲಿಯೋ ನಳಿಕೆ) ವೀರ್ಯಾಣು ತೆಗೆದು ಎಣಿಸಿದೆ, ಅದೂ ಸರಿ. ಕೊಕ್ಕೆ ತರ ತಲೆ ಹೇಗಿರಬೇಕೋ ಹಾಗೇ ಇದೆ, ಬಾಲ ಇದೆ, ಈಜ್ತಾನೂ ಇದೆ. ಗೈಡ್ ಹೆಣ್ಣು ಬದಲಾಯಿಸಿ ನೋಡು ಅಂದ್ರು, ಬದಲಾಯಿಸಿದೆ, ಅದೇ ಕಥೆ. ಇನ್ನು ಎಲ್ಲಿಂದ ಹುಡುಕಲಿ?

ಓದುಗ_21:
ಆ ಹೆಣ್ಣುಗಳು ಬೇರೆ ಗಂಡಿಗೆ ಮರಿ ಹಾಕ್ತಾವಾ?

ಗೂಡುಕಾವಲು:
ಹೂಂ, ಹಾಕಿದಾವೆ. ಅದೇ ಹೆಣ್ಣುಗಳನ್ನ ನಾರ್ಮಲ್ ಗಂಡಿನ ಜೊತೆ ಬಿಟ್ಟಿದ್ದಕ್ಕೆ ಮೊದಲನೇ ಸಲಕ್ಕೇ ನಿಂತ್ವು.

ಪ್ಯಾಕಿಟೀನ್:
ಹಾಗಾದ್ರೆ ಅರ್ಧ ದಾರಿ ಆಗ್ಲೇ ದಾಟಿದೀರಿ. ಇಲಿಯಲ್ಲಿ ಕಾಂಡಕೋಶದಿಂದ ವೀರ್ಯಾಣು ಆಗೋಕೆ ಸುಮಾರು 35 ದಿನ ಬೇಕು, ಅದ್ರಲ್ಲಿ ಯಾವ ದಿನ ಕೆಟ್ಟಿದ್ರೂ ವೃಷಣ ನೋಡಿದ್ರೇ ಗೊತ್ತಾಗುತ್ತೆ. ಸ್ಪೋ11 ಅನ್ನೋ ಜೀನ್ ತೆಗೆದ ಇಲಿ ನೋಡಿ, 2000ದಲ್ಲಿ ಬಂದಿದ್ದು, ಅದ್ರಲ್ಲಿ ಕ್ರೋಮೋಸೋಮ್‌ಗಳಲ್ಲಿ ಬೇಕಂತಲೇ ಆಗಬೇಕಾದ ಕಡಿತ ಆಗಲ್ಲ, ಕಡಿತ ಆಗ್ಲಿಲ್ಲ ಅಂದ್ರೆ ಜೋಡಿ ಸರಿಯಾಗಿ ಸೇರಲ್ಲ, ಸೇರಲಿಲ್ಲ ಅಂದ್ರೆ ಆ ಕೋಶ ಅಲ್ಲೇ ಸಾಯುತ್ತೆ. ವೃಷಣ ಚಿಕ್ಕದಾಗೇ ಉಳಿಯುತ್ತೆ, ಒಳಗೆ ಒಂದು ವೀರ್ಯಾಣು ಇರಲ್ಲ. ಕ್ರೆಮ್ ಅನ್ನೋ ಜೀನ್ ತೆಗೆದ್ರೆ ಮಿಯೋಸಿಸ್ (ಕ್ರೋಮೋಸೋಮ್ ಅರ್ಧಕ್ಕೆ ಇಳಿಸೋ ವಿಭಜನೆ) ಮುಗಿಯುತ್ತೆ, ಆದ್ರೆ ದುಂಡು ಕೋಶದ ಹಂತದಲ್ಲೇ ನಿಲ್ಲುತ್ತೆ, ಬಾಲ ಬೆಳೆಯೋದೇ ಇಲ್ಲ. ನಿಮ್ದು ಎರಡನ್ನೂ ದಾಟಿ ಬಂದಿದೆ. ತಯಾರಿ ಸರಿಯಾಗೇ ಆಗಿದೆ, ತೊಂದ್ರೆ ಇರೋದು ಹೊರಗೆ ಬಂದ್ಮೇಲೆ.

ಹಳೇ_ಮೈಕ್ರೋಸ್ಕೋಪು:
ಈಜುತ್ತೆ ಅಂದ್ರಲ್ಲ, ಯಾವಾಗ ನೋಡಿದ್ರಿ? ತೆಗೆದ ಹತ್ತು ನಿಮಿಷಕ್ಕಾ, ಒಂದೂವರೆ ಗಂಟೆಗಾ?

ಗೂಡುಕಾವಲು:
ಹತ್ತು ನಿಮಿಷಕ್ಕೆ. ವಿಡಿಯೋ ಮಾಡಿ ಎಣಿಸಿ ತೆಗೆದಿಟ್ಟೆ. ಯಾಕೆ?

ಹಳೇ_ಮೈಕ್ರೋಸ್ಕೋಪು:
ಅಲ್ಲೇ ಇರೋದು ನೋಡಿ. ಹತ್ತು ನಿಮಿಷಕ್ಕೆ ಎಲ್ಲವೂ ನೆಟ್ಟಗೆ ಈಜುತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ. ಬೈಕಾರ್ಬೊನೇಟ್ ಮತ್ತೆ ಆಲ್ಬ್ಯುಮಿನ್ ಇರೋ ಮೀಡಿಯಂನಲ್ಲಿ 37 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟು ಆಮೇಲೆ ನೋಡಿ. ನಾರ್ಮಲ್ ವೀರ್ಯಾಣು ಅಷ್ಟೊತ್ತಿಗೆ ನೆಟ್ಟಗೆ ಹೋಗೋದು ಬಿಟ್ಟು ಬಾಲನ ಚಾಟಿ ಬೀಸಿದ ಹಾಗೆ ಒಂದು ಕಡೆಗೆ ಜೋರಾಗಿ ಬಾಗಿಸಿ ಹೊಡೀತಿರುತ್ತೆ, ಇದಕ್ಕೇ ಹೈಪರ್‌ಆಕ್ಟಿವೇಶನ್ ಅನ್ನೋದು. ಅಂಡಾಣು ಸುತ್ತ ಇರೋ ಗಟ್ಟಿ ಪೊರೆ, ಝೋನಾ, ಅದನ್ನ ತೂರಿಕೊಂಡು ಹೋಗೋಕೆ ಈ ಹೊಡೆತ ಬೇಕೇ ಬೇಕು.

2001ರಲ್ಲಿ ಕ್ಯಾಟ್‌ಸ್ಪರ್1 ಅಂತ ಒಂದು ಜೀನ್ ಸಿಕ್ತು, ವೀರ್ಯಾಣು ಬಾಲದಲ್ಲಿ ಮಾತ್ರ ಇರೋ ಕ್ಯಾಲ್ಸಿಯಂ ಚಾನೆಲ್. ಅದನ್ನ ತೆಗೆದ ಗಂಡಿಲಿ ನಿಮ್ಮದರ ಹಾಗೇ ಇತ್ತು, ಲೆಕ್ಕ ಸರಿ, ಆಕಾರ ಸರಿ, ಕೂಡೋದು ಸರಿ, ಮರಿ ಸೊನ್ನೆ. ಝೋನಾ ತೆಗೆದ ಅಂಡಾಣು ಕೊಟ್ರೆ ಮಾತ್ರ ಒಳಗೆ ಹೋಗ್ತಿತ್ತು. ನಾನೂ ನನ್ನ ಮೊದಲನೇ ಇಲಿ ಮೇಲೆ ಐದು ತಿಂಗಳು ಹತ್ತು ನಿಮಿಷದ ವಿಡಿಯೋನೇ ನೋಡ್ತಾ ಕೂತಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ತಳಿಮೇಡಂ:
ಸರ್ ಹೇಳಿದ್ದು ಸರಿ ಇರಬಹುದು, ಆದ್ರೆ ಮರಿ ಆಗಿಲ್ಲ ಅಂದ ತಕ್ಷಣ ಕ್ಯಾಟ್‌ಸ್ಪರ್ ಕಡೆಗೇ ಓಡೋದು ನನಗೆ ಒಪ್ಪಿಗೆ ಇಲ್ಲ. ವೀರ್ಯಾಣು ಅಂಡಾಣು ಹತ್ರ ಹೋಗಿದ್ಯಾ ಅನ್ನೋದೇ ಇನ್ನೂ ಗೊತ್ತಿಲ್ಲವಲ್ಲ. ಗರ್ಭಕೋಶದಿಂದ ಅಂಡನಾಳಕ್ಕೆ ತಿರುಗೋ ಜಾಗ ಇಲಿಯಲ್ಲಿ ತುಂಬಾ ಇಕ್ಕಟ್ಟು, ಅಲ್ಲಿ ತಡೆ ಬೀಳೋ ನಾಕ್‌ಔಟ್‌ಗಳು ಒಂದೆರಡಲ್ಲ. ಕ್ಯಾಲ್ಮೆಜಿನ್ ಅನ್ನೋ ಜೀನ್ ತೆಗೆದಿದ್ದು 1997ರದ್ದು, ಆಮೇಲೆ ಅಡಾಮ್2, ಅಡಾಮ್3 ಜೀನ್‌ಗಳದ್ದು. ಎಸಿಇ ಅಂತ ಒಂದು ಎಂಜೈಮ್ ಇದೆಯಲ್ಲ, ಕೆಲವು ರಕ್ತದೊತ್ತಡದ ಮಾತ್ರೆ ತಡೆಯೋದು ಅದನ್ನೇ, ಅದರದ್ದೇ ವೃಷಣದ ರೂಪ ಒಂದಿದೆ, ಅದಿಲ್ಲದಿದ್ರೂ ಹೀಗೇ ಆಗುತ್ತೆ. ಇವೆಲ್ಲದ್ರಲ್ಲೂ ಹೊರಗಿಂದ ನೋಡೋಕೆ ವೀರ್ಯಾಣು ಏನೂ ಆಗಿಲ್ಲದ ಹಾಗೇ ಇರುತ್ತೆ.

ಪ್ಲಗ್ ಕಂಡ ಬೆಳಿಗ್ಗೆನೇ ಒಂದು ಹೆಣ್ಣಿನ ಅಂಡನಾಳ ತೆಗೆದು ನೋಡಿ. ಅಲ್ಲಿ ವೀರ್ಯಾಣು ಇದ್ಯಾ ಇಲ್ವಾ, ಮೊದಲು ಅದು ತಿಳೀಲಿ.

ಹಳೇ_ಮೈಕ್ರೋಸ್ಕೋಪು:
ಮೇಡಂ, ಅದಕ್ಕೆ ಐವಿಎಫ್ ಮಾಡಿದ್ರೇ ಎರಡೂ ಒಟ್ಟಿಗೆ ಗೊತ್ತಾಗುತ್ತಲ್ಲ? ಒಂದು ತಟ್ಟೇಲಿ ಕ್ಯುಮುಲಸ್ ಕೋಶ ಸುತ್ತಿಕೊಂಡಿರೋ ಅಂಡಾಣು, ಇನ್ನೊಂದರಲ್ಲಿ ಝೋನಾ ತೆಗೆದಿದ್ದು. ಅಡಾಮ್3 ತರದ್ದಾದ್ರೆ ಕ್ಯುಮುಲಸ್ ಇದ್ದಾಗ ತಟ್ಟೇಲಿ ಫಲಿಸುತ್ತೆ, ಯಾಕಂದ್ರೆ ಆ ಇಕ್ಕಟ್ಟು ದಾರಿನೇ ಅಲ್ಲಿಲ್ಲ. ಕ್ಯಾಟ್‌ಸ್ಪರ್ ತರದ್ದಾದ್ರೆ ಝೋನಾ ತೆಗೆದಿದ್ರಲ್ಲಿ ಮಾತ್ರ. ಎರಡರಲ್ಲೂ ಇಲ್ಲ ಅಂದ್ರೆ ಅಂಡಾಣು ಜೊತೆ ಬೆಸೆಯೋದ್ರಲ್ಲೇ ತೊಂದ್ರೆ.

ತಳಿಮೇಡಂ:
ಹೌದು, ಅದು ಒಪ್ಪಿದೆ. ಆದ್ರೂ ಅಂಡನಾಳ ನೋಡೋದು ಬಿಡಬೇಡಿ. ಒಂದೇ ಇಲಿಯಲ್ಲಿ ಎರಡು ಕಡೆ ತಡೆ ಇರಬಹುದು, ತಟ್ಟೇಲಿ ಸಿಕ್ಕ ಉತ್ತರ ಒಂದೇ ಹಿಡ್ಕೊಂಡು ಕೂತ್ರೆ ಇನ್ನೊಂದು ಗೊತ್ತಾಗಲ್ಲ.

ಸಣ್ಣಪ್ರಶ್ನೆ:
ನಾನು ಬಿಎಸ್ಸಿ ಓದ್ತಿರೋಳು, ತಪ್ಪಾಗಿ ಕೇಳಿದ್ರೆ ಕ್ಷಮಿಸಿ. ಒಂದು ಕಾಪಿ ಹೋದ ಗಂಡಿನಲ್ಲಿ ಅರ್ಧ ವೀರ್ಯಾಣುವಿಗೆ ಆ ಜೀನೇ ಇರಲ್ಲ ಅಲ್ವಾ, ಮಿಯೋಸಿಸ್ ಆದ್ಮೇಲೆ ಒಂದೊಂದ್ರಲ್ಲಿ ಒಂದೇ ಕಾಪಿ. ಹಾಗಿದ್ರೆ ಆ ಅರ್ಧ ಕೆಡಬೇಕಿತ್ತು, ಇವ್ರು ಆ ಗಂಡುಗಳು ಚೆನ್ನಾಗಿವೆ ಅಂತಿದಾರೆ, ಹೇಗೆ?

ಪ್ಯಾಕಿಟೀನ್:
ತಪ್ಪೇನಿಲ್ಲ ತಂಗಿ, ಇಡೀ ಥ್ರೆಡ್‌ನಲ್ಲೇ ಒಳ್ಳೇ ಪ್ರಶ್ನೆ ಇದು. ವೃಷಣದ ಒಳಗೆ ಈ ಕೋಶಗಳು ವಿಭಜನೆ ಆಗುವಾಗ ಪೂರ್ತಿ ಬೇರೆ ಆಗಲ್ಲ, ಒಂದಕ್ಕೊಂದು ಸಣ್ಣ ಸೇತುವೆ ಉಳ್ಕೊಂಡಿರುತ್ತೆ, ಒಂದೇ ಗುಂಪಿನಲ್ಲಿ ತುಂಬಾ ಕೋಶಗಳು ಹಾಗೇ ಅಂಟಿಕೊಂಡೇ ಬೆಳೆಯುತ್ತವೆ. ಜೀನ್ ಇರೋ ಕೋಶ ಮಾಡಿದ ಆರ್‌ಎನ್‌ಎ, ಪ್ರೋಟೀನು ಆ ಸೇತುವೆ ಮೇಲೆ ಪಕ್ಕದವನಿಗೂ ಹೋಗುತ್ತೆ. ಜೀನ್ ಇಲ್ಲದವನೂ ಅದನ್ನೇ ತಗೊಂಡು ಬೆಳೀತಾನೆ. ಆ ಸೇತುವೆಗೇ ಬೇಕಾದ ಟೆಕ್ಸ್14 ಅನ್ನೋ ಜೀನ್ ತೆಗೆದ್ರೆ ಸೇತುವೆ ನಿಲ್ಲಲ್ಲ, ಗಂಡು ಸ್ಟೆರೈಲ್, ಅಂದ್ರೆ ಮರಿ ಆಗಲ್ಲ. 2006ರಲ್ಲಿ ಅದು ಗೊತ್ತಾಯ್ತು.

ಹಂಚಿಕೊಳ್ಳದೇ ಇರೋದೂ ಇದೆ. 17ನೇ ಕ್ರೋಮೋಸೋಮ್‌ನಲ್ಲಿ ಟಿ-ಹ್ಯಾಪ್ಲೋಟೈಪ್ ಅಂತ ಒಂದು ಭಾಗ, ಕಾಡಿಲಿಗಳಲ್ಲೂ ಸಿಗುತ್ತೆ. ಅದು ಒಂದು ಕಾಪಿ ಇರೋ ಗಂಡಿನ ಮರಿಗಳಲ್ಲಿ ಅರ್ಧ ಅಲ್ಲ, ನೂರಕ್ಕೆ 90ಕ್ಕೂ ಹೆಚ್ಚು ಮರಿಗಳಿಗೆ ಟಿ ಹೋಗಿರುತ್ತೆ. ಟಿಯಿಂದ ಬರೋ ಕೆಲವು ಪ್ರೋಟೀನು ಎಲ್ಲಾ ವೀರ್ಯಾಣುಗಳ ಈಜನ್ನೂ ಕೆಡಿಸುತ್ತೆ, ಅದಕ್ಕೆ ಬೇಕಾದ ಮದ್ದು ಮಾತ್ರ ಟಿ ಇರೋ ವೀರ್ಯಾಣು ಹತ್ರನೇ ಉಳಿಯುತ್ತೆ, ಸೇತುವೆ ದಾಟಲ್ಲ. ಎರಡೂ ಕಾಪಿ ಟಿ ಆದ ಗಂಡು ಬದುಕಿದ್ರೆ ಸ್ಟೆರೈಲ್.

ಸಣ್ಣಪ್ರಶ್ನೆ:
ಅಬ್ಬಾ. ಕ್ಲಾಸಲ್ಲಿ ಮೆಂಡಲ್ ನಿಯಮ ಅಂತ ಐವತ್ತು ಐವತ್ತು ಬರೆಸಿದ್ರು, ಇದನ್ನ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಅಣ್ಣ.

ಕೊಕ್ಕೆತಲೆ:
ಒಂದು ಕಾಪಿ ಸಾಕು ಅನ್ನೋದು ಎಲ್ಲ ಜೀನಿಗೂ ಹೊಂದಲ್ಲ ಸ್ವಾಮಿ. ಪ್ರೋಟಮೀನ್ ನೋಡಿ, ವೀರ್ಯಾಣು ತಲೇಲಿ ಡಿಎನ್‌ಎ ಬಿಗಿಯಾಗಿ ಸುತ್ತಿಡೋ ಪ್ರೋಟೀನು, ಇಲಿಯಲ್ಲಿ ಎರಡಿದೆ, ಎರಡರಲ್ಲಿ ಯಾವುದರ ಒಂದೇ ಕಾಪಿ ಹೋದ್ರೂ ಗಂಡು ಕೆಲಸಕ್ಕೆ ಬರಲ್ಲ. 2001ರಲ್ಲೇ ತೋರಿಸಿದಾರೆ.

ತಳಿಮೇಡಂ:
2001ರದ್ದು ಓದಿದ್ರೆ 2016ರದ್ದೂ ಓದಬೇಕು. ಪ್ರೋಟಮೀನ್ 2ಕ್ಕೆ ಆ ಮಾತು ನಿಲ್ಲಲಿಲ್ಲ. ಕ್ರಿಸ್ಪರ್‌ನಲ್ಲಿ ಹೊಸದಾಗಿ ಮಾಡಿದ ಇಲಿಗಳಲ್ಲಿ ಒಂದು ಕಾಪಿ ಹೋದ ಗಂಡು ಮರಿ ಕೊಟ್ವು, ಎರಡೂ ಹೋದವು ಮಾತ್ರ ಸ್ಟೆರೈಲ್.

ಕೊಕ್ಕೆತಲೆ:
ಪ್ರೋಟಮೀನ್ 1?

ತಳಿಮೇಡಂ:
1ರಲ್ಲಿ ಒಂದು ಕಾಪಿ ಹೋದ್ರೂ ಪೆಟ್ಟು ಬೀಳುತ್ತೆ, ಅದರಲ್ಲಿ ನಿಮ್ಮ ಮಾತಿಗೆ ತೂಕ ಇದೆ. ನಾನು ಹೇಳಿದ್ದು 2ರದ್ದು. ಹಳೇ ಕೆಲಸ ಕಾಂಡಕೋಶ ಬೆರೆಸಿ ಮಾಡಿದ ಕೈಮೆರಾ ಇಲಿಗಳ ಮೇಲೆ ಆಗಿದ್ದು, ಆಗ ಅದು ಬಿಟ್ಟು ಬೇರೆ ದಾರಿನೇ ಇರಲಿಲ್ಲ. ಅವರನ್ನ ಬಯ್ಯೋಕೆ ಹೇಳ್ತಿಲ್ಲ. ಆದ್ರೆ ಒಂದು ಸಲ ಬರೆದದ್ದನ್ನೇ ಇಪ್ಪತ್ತು ವರ್ಷ ಎಲ್ಲರೂ ನಕಲು ಮಾಡ್ತಾ ಹೋಗ್ತಾರಲ್ಲ, ಅದು ನನಗೆ ಸಂಕಟ.

ಓದುಗ_21:
ಅಕ್ರೋಸಿನ್ ಕಥೆನೂ ಹೀಗೇ ಅಲ್ವಾ? ಝೋನಾ ಕರಗಿಸಿ ಒಳಗೆ ಹೋಗೋಕೆ ವೀರ್ಯಾಣು ತಲೇಲಿರೋ ಅಕ್ರೋಸಿನ್ ಎಂಜೈಮ್ ಬೇಕೇ ಬೇಕು ಅಂತ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. 1994ರಲ್ಲೇ ಅದಿಲ್ಲದ ಇಲಿ ಮಾಡಿದಾರೆ, ಗಂಡುಗಳಿಗೆ ಮರಿ ಆಯ್ತು.

ಹಳೇ_ಮೈಕ್ರೋಸ್ಕೋಪು:
ಪೂರ್ತಿ ಸುಳ್ಳು ಅಂತಾನೂ ಬರೀಬೇಡಿ. 2020ರಲ್ಲಿ ಹ್ಯಾಮ್‌ಸ್ಟರ್‌ನಲ್ಲಿ ಅಕ್ರೋಸಿನ್ ತೆಗೆದ್ರು, ಅಲ್ಲಿ ಗಂಡು ಸ್ಟೆರೈಲ್, ವೀರ್ಯಾಣು ಝೋನಾಗೆ ಅಂಟಿಕೊಳ್ಳುತ್ತೆ, ಒಳಗೆ ಹೋಗಲ್ಲ. ಇಲಿಗೆ ಬೇಡ, ಹ್ಯಾಮ್‌ಸ್ಟರ್‌ಗೆ ಬೇಕು.

ಏಳುವರ್ಷ:
ನಾನು ಈ ಕ್ಷೇತ್ರದವನಲ್ಲ, ಹುಡುಕ್ತಾ ಇಲ್ಲಿಗೆ ಬಂದೆ. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ನನ್ನ ವೀರ್ಯದ ರಿಪೋರ್ಟ್ ಮೂರು ಸಲ ಮಾಡಿಸಿದ್ದಾಯ್ತು, ಮೂರರಲ್ಲೂ ಎಲ್ಲ ನಾರ್ಮಲ್. ಹೆಂಡತಿ ರಿಪೋರ್ಟೂ ನಾರ್ಮಲ್. ಎರಡು ಸಲ ಐವಿಎಫ್ ಆಯ್ತು, ಎರಡು ಸಲನೂ ಒಂದು ಅಂಡಾಣು ಕೂಡ ಫಲಿಸಲಿಲ್ಲ. ಇಷ್ಟು ದಿನ ಎಲ್ಲರೂ ಅವಳನ್ನೇ ನೋಡ್ತಿದ್ರು. ಇಲ್ಲಿ ಈ ಇಲಿ ಕಥೆ ಓದ್ತಿದ್ರೆ ನನ್ನ ಕಥೇನೇ ಓದಿದ ಹಾಗಾಯ್ತು. ಮನುಷ್ಯರಲ್ಲೂ ಹೀಗೆ ಇರುತ್ತಾ? ದಯವಿಟ್ಟು ಹೇಳಿ.

ಪ್ಯಾಕಿಟೀನ್:
ಸರ್, ನಿಮ್ಮ ಮಾತು ಓದಿ ಮನಸ್ಸು ಭಾರ ಆಯ್ತು. ಇಲ್ಲಿ ಯಾರೂ ನಿಮಗೆ ಇಂಥದ್ದೇ ಅಂತ ಹೇಳೋಕೆ ಆಗಲ್ಲ, ಅದು ನಿಮ್ಮ ಡಾಕ್ಟರ್ ಕೆಲಸ. ಆದ್ರೆ ಹೀಗಿರುತ್ತಾ ಅಂದ್ರೆ, ಇರುತ್ತೆ. ಲೆಕ್ಕ, ಆಕಾರ, ಓಟ ಮೂರೂ ನಾರ್ಮಲ್ ಇದ್ದು ಒಳಗೆ ತೂರೋ ಶಕ್ತಿ ಇಲ್ಲದೇ ಇರಬಹುದು, ಮಾಮೂಲಿ ವೀರ್ಯ ಪರೀಕ್ಷೇಲಿ ಅದು ಕಾಣಲ್ಲ. ಕ್ಯಾಟ್‌ಸ್ಪರ್ ಗುಂಪಿನ ಜೀನ್‌ಗಳಲ್ಲಿ ದೋಷ ಇರೋ ಗಂಡಸರು ಸಿಕ್ಕಿದಾರೆ. 15ನೇ ಕ್ರೋಮೋಸೋಮ್‌ನಲ್ಲಿ ಕ್ಯಾಟ್‌ಸ್ಪರ್2 ಪಕ್ಕದಲ್ಲೇ ಕಿವಿಗೆ ಬೇಕಾದ ಒಂದು ಜೀನ್ ಇದೆ, ಆ ಭಾಗ ಎರಡೂ ಕಾಪಿಯಲ್ಲಿ ಹಾರಿಹೋದ್ರೆ ಗಂಡಸರಿಗೆ ಕಿವಿ ಮಂದ, ಮಕ್ಕಳೂ ಆಗಲ್ಲ, ಹೆಂಗಸರಿಗೆ ಕಿವಿ ಮಾತ್ರ ಮಂದ.

ಏಳುವರ್ಷ:
ಕಿವಿ ತೊಂದ್ರೆ ನಮ್ಮ ಮನೇಲಿ ಯಾರಿಗೂ ಇಲ್ಲ. ಡಾಕ್ಟರ್ ಮುಂದಿನ ಸಲ ಇಕ್ಸಿ ಮಾಡೋಣ ಅಂದಿದಾರೆ, ಯಾಕೆ ಅಂತ ನಾವು ಕೇಳಿರಲಿಲ್ಲ.

ತಳಿಮೇಡಂ:
ಇಕ್ಸಿ ಅಂದ್ರೆ ವೀರ್ಯಾಣುವನ್ನ ಸೂಜೀಲಿ ಅಂಡಾಣು ಒಳಗೇ ಇಡೋದು. ಝೋನಾ ತೂರೋ ಕೆಲಸ, ಬೆಸೆಯೋ ಕೆಲಸ ಎರಡೂ ಅದಕ್ಕೆ ಉಳಿಯಲ್ಲ. ಎರಡು ಸಲ ತಟ್ಟೇಲಿ ಪೂರ್ತಿ ಸೊನ್ನೆ ಬಂದ್ಮೇಲೆ ಅದನ್ನ ಹೇಳಿದ್ದು ಸರಿಯಾಗೇ ಇದೆ. ಹೋದಾಗ ಜೆನೆಟಿಕ್ ಪರೀಕ್ಷೆ ಬಗ್ಗೆನೂ ಕೇಳಿ. ಇನ್ನೊಂದು ಮಾತು, ಇಕ್ಸಿ ಎಲ್ಲದಕ್ಕೂ ಮದ್ದಲ್ಲ. ತಲೆ ದುಂಡಗಾಗಿ ಅಕ್ರೋಸೋಮೇ (ತಲೆ ತುದಿಯ ಎಂಜೈಮ್ ಚೀಲ) ಇಲ್ಲದ ವೀರ್ಯಾಣು ಅಂತ ಒಂದಿದೆ, ಡಿಪಿವೈ19ಎಲ್2 ಜೀನ್ ಹೋದಾಗ ಆಗುತ್ತೆ, ಇಲಿಯಲ್ಲೂ ಹಾಗೇ ಆಗುತ್ತೆ. ಅದ್ರಲ್ಲಿ ಅಂಡಾಣುವನ್ನ ಎಬ್ಬಿಸೋ ಪ್ರೋಟೀನೂ ಕಮ್ಮಿ, ಹಾಗಾಗಿ ಇಕ್ಸಿ ಜೊತೆ ಕ್ಯಾಲ್ಸಿಯಂ ಕೊಟ್ಟು ಎಬ್ಬಿಸಬೇಕಾಗುತ್ತೆ. ನಿಮ್ಮ ರಿಪೋರ್ಟಲ್ಲಿ ಆಕಾರ ನಾರ್ಮಲ್ ಅಂದಿರೋದ್ರಿಂದ ನಿಮ್ಮದು ಅದಲ್ಲ.

ಮತ್ತೆ ನಿಮ್ಮ ಮನೆಯವರನ್ನ ನೋಡೋ ಜನಕ್ಕೆ ಈ ಥ್ರೆಡ್ ಓದೋಕೆ ಕೊಡಿ.

ಏಳುವರ್ಷ:
ಅವಳಿಗೇ ಮೊದಲು ಓದಿ ಹೇಳಿದೆ ಮೇಡಂ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಕಾಡಿಲಿ:
ಎಲ್ಲರೂ ಜೀನ್ ಹೋಗಿದೆ, ಕೆಟ್ಟಿದೆ ಅಂತಿದೀರಿ. ಏನೂ ಕೆಡದೇನೂ ಗಂಡು ಸ್ಟೆರೈಲ್ ಆಗುತ್ತೆ, ಅದನ್ನೂ ಸ್ವಲ್ಪ ಹೇಳ್ತೀನಿ. ಇಲಿಯಲ್ಲಿ ಉಪಜಾತಿಗಳಿವೆ, ಪಿಡಬ್ಲ್ಯುಡಿ ತಳಿಯ ತಾಯಿ, ಸಿ57 ಬ್ಲ್ಯಾಕ್ 6 ತಳಿಯ ತಂದೆ, ಎರಡೂ ಬೇರೆ ಬೇರೆಯಾಗಿ ಗಟ್ಟಿಮುಟ್ಟು, ಇವಕ್ಕೆ ಹುಟ್ಟೋ ಗಂಡುಮರಿ ಸ್ಟೆರೈಲ್. ಹೆಣ್ಣುಮರಿಗೆ ತೊಂದ್ರೆ ಇಲ್ಲ. ದಶಕಗಳ ಕಾಲ ಹುಡುಕಿ 2009ರಲ್ಲಿ ಪಿಆರ್‌ಡಿಎಂ9 ಅನ್ನೋ ಜೀನ್ ಹಿಡಿದ್ರು. ಮಿಯೋಸಿಸ್‌ನಲ್ಲಿ ಕ್ರೋಮೋಸೋಮ್ ಎಲ್ಲಿ ಕಡಿಬೇಕು ಅಂತ ಜಾಗ ತೋರಿಸೋದು ಅದರ ಕೆಲಸ. ಎರಡು ಉಪಜಾತಿ ಸೇರಿದಾಗ ಜೋಡಿ ಕ್ರೋಮೋಸೋಮ್‌ಗಳ ಮೇಲೆ ಅದು ಕೂರೋ ಜಾಗ ಒಂದೇ ಕಡೆ ಬೀಳಲ್ಲ, ಜೋಡಿ ಸೇರೋಕೆ ಕಷ್ಟ ಆಗುತ್ತೆ. 2016ರಲ್ಲಿ ಇಲಿಯ ಆ ಜೀನ್‌ನಲ್ಲಿ ಡಿಎನ್‌ಎ ಹಿಡಿಯೋ ಭಾಗ ತೆಗೆದು ಮನುಷ್ಯರದ್ದು ಹಾಕಿದ್ರು, ಮಿಶ್ರ ಗಂಡು ಮತ್ತೆ ಮರಿ ಕೊಡ್ತು. ನನಗೆ ಇದಕ್ಕಿಂತ ಸೊಗಸಾದ ಪ್ರಯೋಗ ಇನ್ನೊಂದು ಗೊತ್ತಿಲ್ಲ.

ಕೊಕ್ಕೆತಲೆ:
ಇಝುಮೋ1 ಇನ್ನೂ ಸೊಗಸು. 2005, ಜಪಾನಿನ ಕೆಲಸ. ವೀರ್ಯಾಣು ಝೋನಾ ದಾಟಿ ಅಂಡಾಣು ಪಕ್ಕ ಬಂದು ನಿಲ್ಲುತ್ತೆ, ಬೆಸೆಯಲ್ಲ. ಮದುವೆಗೆ ಹೆಸರಾದ ಅಲ್ಲಿನ ದೇವಸ್ಥಾನದ ಹೆಸರು ಇಟ್ಟಿದಾರೆ. 2014ರಲ್ಲಿ ಅದರ ಜೊತೆಗಾತಿ ಅಂಡಾಣು ಮೇಲೆ ಸಿಕ್ತು, ಅದಕ್ಕೆ ರೋಮನ್ನರ ಮದುವೆ ದೇವತೆ ಜೂನೋ ಹೆಸರು.

ಮೌನಿ:
ಓದ್ತಾ ಇದೀನಿ, ಒಂದು ಮಾತು ಕೇಳಲೇಬೇಕು. ಒಂದೊಂದು ಜೀನಿಗೂ ಎಷ್ಟೊಂದು ಇಲಿ ಸಾಯ್ತವೆ. ಎಷ್ಟೋ ಸಲ ಏನೂ ಸಿಗೋದೂ ಇಲ್ಲ. 2016ರಲ್ಲಿ ವೃಷಣದಲ್ಲಿ ಹೆಚ್ಚು ಕೆಲಸ ಮಾಡೋ 54 ಜೀನ್‌ಗಳನ್ನ ಒಂದೊಂದಾಗಿ ತೆಗೆದು ಯಾವುದೂ ಫರ್ಟಿಲಿಟಿಗೆ ಬೇಕಾಗಿಲ್ಲ ಅಂತ ಬರೆದ್ರಲ್ಲ, ಆ ಇಲಿಗಳ ಲೆಕ್ಕ ಯಾರು ಕೊಡ್ತಾರೆ?

ತಳಿಮೇಡಂ:
ಕೇಳಬೇಕಾದ ಪ್ರಶ್ನೆನೇ. ಆದ್ರೆ ಆ 54ರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಏನೂ ಆಗಲಿಲ್ಲ ಅನ್ನೋದನ್ನ ಅವರು ಅಚ್ಚು ಹಾಕಿದ್ರಿಂದ ಬೇರೆ ಲ್ಯಾಬ್‌ಗಳು ಅದೇ 54 ಮತ್ತೆ ಮಾಡೋದು ತಪ್ಪಿತು. ಮುಚ್ಚಿಟ್ಟಿದ್ರೆ ಇನ್ನೂ ಎಷ್ಟು ಕಡೆ ಎಷ್ಟು ಇಲಿ ಹೋಗ್ತಿತ್ತೋ. ನನಗೆ ಸಿಟ್ಟು ಬರೋದು ಫಲಿತಾಂಶ ಬರಲಿಲ್ಲ ಅಂತ ಡ್ರಾಯರ್‌ನಲ್ಲಿ ಇಡೋರ ಮೇಲೆ.

ಮೌನಿ:
ಈ ಮಾತು ಒಪ್ಪಿದೆ. ಮೊದಲ ಮಾತು ವಾಪಸ್ ತಗೊಳಲ್ಲ.

ಗೂಡುಕಾವಲು:
ಮೂರು ವಾರ ಆದ್ಮೇಲೆ ಬರ್ತಿದೀನಿ, ಕ್ಷಮಿಸಿ. ಅಂಡನಾಳ ನೋಡಿದೆ, ವೀರ್ಯಾಣು ಅಲ್ಲಿವರೆಗೂ ಹೋಗಿದೆ, ನಾರ್ಮಲ್‌ಗಿಂತ ಕಮ್ಮಿ ಅನ್ನಿಸ್ತು ಆದ್ರೆ ಇದೆ. ಒಂದೂವರೆ ಗಂಟೆ ವಿಡಿಯೋ ಮಾಡಿದೆ. ಹಳೇ ಮೈಕ್ರೋಸ್ಕೋಪು ಸರ್, ನಿಮಗೆ ಕೈ ಮುಗೀಬೇಕು. ನಾರ್ಮಲ್ ಅಣ್ಣತಮ್ಮಂದು ಚಾಟಿ ಬೀಸೋ ಹಾಗೆ ಹೊಡೀತಿದಾವೆ, ನಾಕ್‌ಔಟ್‌ದು ಹತ್ತು ನಿಮಿಷಕ್ಕೆ ಹೇಗಿತ್ತೋ ಹಾಗೇ ನೆಟ್ಟಗೆ ಹೋಗ್ತಿದಾವೆ. ಐವಿಎಫ್‌ನಲ್ಲಿ ಕ್ಯುಮುಲಸ್ ಇದ್ದ ಅಂಡಾಣು ಒಂದೂ ಫಲಿಸಲಿಲ್ಲ, ಝೋನಾ ತೆಗೆದಿದ್ದು ಫಲಿಸ್ತು. ಕ್ಯಾಟ್‌ಸ್ಪರ್ ಅಂತಲೇ ಬರೆದುಬಿಡಲಾ?

ಹಳೇ_ಮೈಕ್ರೋಸ್ಕೋಪು:
ಬರೀಬೇಡಿ. ಮೊದಲು ವೆಸ್ಟರ್ನ್ ಮಾಡಿ, ಪ್ರೋಟೀನ್ ಇದ್ಯಾ ಅಂತ ಬ್ಯಾಂಡ್ (ಪಟ್ಟಿ) ಆಗಿ ತೋರಿಸೋ ಪರೀಕ್ಷೆ. ಕ್ಯಾಟ್‌ಸ್ಪರ್ ಚಾನೆಲ್‌ನ ಮುಖ್ಯ ಭಾಗಗಳಲ್ಲಿ ಒಂದು ಹೋದ್ರೆ ಉಳಿದವೂ ಬಾಲದಲ್ಲಿ ನಿಲ್ಲಲ್ಲ, ಹಾಗಾಗಿ ಕ್ಯಾಟ್‌ಸ್ಪರ್1ರ ಬ್ಯಾಂಡ್ ಇದ್ಯಾ ನೋಡಿದ್ರೆ ಸಾಕು. ಬ್ಯಾಂಡ್ ಇದ್ರೆ ಬೇರೆ ಕಡೆ ನೋಡಬೇಕು, ಸ್ಲೋ3 ಅನ್ನೋ ಪೊಟ್ಯಾಶಿಯಂ ಚಾನೆಲ್ ಹೋದ್ರೂ ಗಂಡು ಸ್ಟೆರೈಲ್, ಕ್ಯಾಲ್ಸಿಯಂ ಹೊರಗೆ ಹಾಕೋ ಪಿಎಂಸಿಎ4 ಪಂಪ್ ಹೋದ್ರೂ ಈ ಹೊಡೆತ ಬರಲ್ಲ.

ಗೂಡುಕಾವಲು:
ವೆಸ್ಟರ್ನ್ ಆಯ್ತು, ಎರಡು ಸಲ. ಕ್ಯಾಟ್‌ಸ್ಪರ್1 ಬ್ಯಾಂಡ್ ಇದೆ. ನಾರ್ಮಲ್‌ದಷ್ಟೇ ಇದೆ.

ಪ್ಯಾಕಿಟೀನ್:
ಹಾಗಾದ್ರೆ ಚಾನೆಲ್ ಇದೆ, ಅದನ್ನ ತೆರೆಯೋದು ಯಾವುದೋ ಇಲ್ಲ, ಇಲ್ಲಾ ತೆರೆದ ಮೇಲಿನ ಹೆಜ್ಜೆ ಯಾವುದೋ ಇಲ್ಲ. ಎ23187 ಟ್ರೈ ಮಾಡಿ, ಕ್ಯಾಲ್ಸಿಯಂನ ಸೀದಾ ಒಳಗೆ ಬಿಡೋ ಅಯನೋಫೋರ್. ಹತ್ತು ನಿಮಿಷ ಕೊಟ್ಟು ತೊಳೀಬೇಕು. ಕೊಟ್ಟಾಗ ಎಲ್ಲ ನಿಂತುಬಿಡುತ್ತೆ, ಗಾಬರಿ ಆಗಬೇಡಿ, ತೊಳೆದ ಮೇಲೆ ಚಾಟಿ ಬೀಸೋಕೆ ಶುರು ಮಾಡುತ್ತೆ. 2016ರಲ್ಲಿ ಇದೇ ಉಪಾಯದಿಂದ ಕ್ಯಾಟ್‌ಸ್ಪರ್1, ಸ್ಲೋ3 ಇಲ್ಲದ ಗಂಡುಗಳ ವೀರ್ಯಾಣುವಿನಿಂದಲೂ ತಟ್ಟೇಲಿ ಅಂಡಾಣು ಫಲಿಸಿದಾವೆ. ನಿಮ್ಮದೂ ಎದ್ರೆ ಬಾಲದ ಯಂತ್ರ ಸರಿಯಾಗಿದೆ, ಕ್ಯಾಲ್ಸಿಯಂ ಬರೋ ದಾರಿಯಲ್ಲೇ ತೊಂದ್ರೆ ಅಂತ ಗೊತ್ತಾಗುತ್ತೆ.

ಸಣ್ಣಪ್ರಶ್ನೆ:
ಅಲ್ಲಿವರೆಗೂ ಈ ಇಲಿಗಳ ವಂಶ ಹೇಗೆ ಉಳಿಸ್ತೀರಿ? ಗಂಡಿಗೆ ಮರಿನೇ ಆಗಲ್ವಲ್ಲ.

ಗೂಡುಕಾವಲು:
ಹೆಣ್ಣಿನ ಕಡೆಯಿಂದ. ಎರಡೂ ಕಾಪಿ ಹೋದ ಹೆಣ್ಣಿಗೆ ಏನೂ ತೊಂದ್ರೆ ಇಲ್ಲ, ಅದನ್ನ ಒಂದು ಕಾಪಿ ಹೋದ ಗಂಡಿನ ಜೊತೆ ಬಿಟ್ರೆ ಮರಿಗಳಲ್ಲಿ ಅರ್ಧಕ್ಕೆ ಎರಡೂ ಹೋಗಿರುತ್ತೆ. ಪ್ಯಾಕಿಟೀನ್ ಸರ್, ಆರ್ಡರ್ ಹಾಕಿದೀನಿ.

ಗೂಡುಕಾವಲು:
ಎರಡು ತಿಂಗಳು ಆಯ್ತು. ಅಯನೋಫೋರ್ ಕೊಟ್ಟು ತೊಳೆದಿದ್ದಕ್ಕೆ ನಾಕ್‌ಔಟ್ ವೀರ್ಯಾಣು ಎದ್ದು ಹೊಡೆಯೋಕೆ ಶುರು ಮಾಡಿದ್ವು, ನೋಡ್ತಾ ನನ್ನ ಕೈ ನಡುಗ್ತಿತ್ತು. ಝೋನಾ ಇರೋ ಅಂಡಾಣುಗಳೇ ಫಲಿಸಿ ಎರಡು ಕೋಶ ಆದ್ವು. ಅವನ್ನ ಸಾಕುತಾಯಿ ಇಲಿಗೆ ಹಾಕಿದ್ವಿ. ನಿನ್ನೆ ಆರು ಮರಿ ಹುಟ್ಟಿದಾವೆ!

ತಳಿಮೇಡಂ:
ತುಂಬಾ ಖುಷಿ ಆಯ್ತು ಕಣಪ್ಪ. ಮರಿಗಳ ಜೀನೋಟೈಪ್ (ಜೀನಿನ ಎಷ್ಟು ಕಾಪಿ ಇದೆ ಅನ್ನೋ ಪರೀಕ್ಷೆ) ಮಾಡೋದು ಮರೀಬೇಡ. ಅಂಡಾಣು ನಾರ್ಮಲ್ ಹೆಣ್ಣಿಂದು ತಾನೇ? ಹಾಗಿದ್ರೆ ಆರಕ್ಕೆ ಆರೂ ಒಂದು ಕಾಪಿ ಹೋದವೇ ಆಗಿರಬೇಕು. ಒಂದಾದ್ರೂ ಎರಡು ಕಾಪಿ ಇರೋದು ಬಂದ್ರೆ ಎಲ್ಲೋ ಬೇರೆ ವೀರ್ಯಾಣು ಸೇರಿಕೊಂಡಿದೆ ಅಂತ, ಮತ್ತೆ ಮೊದಲಿಂದ ಮಾಡಬೇಕು.

ಗೂಡುಕಾವಲು:
ಹೌದು ಮೇಡಂ, ನಾರ್ಮಲ್ ಹೆಣ್ಣಿಂದೇ. ಮರಿ ಇನ್ನೂ ತೀರಾ ಚಿಕ್ಕವು, ಸ್ವಲ್ಪ ಬೆಳೀಲಿ. ಪಿಸಿಆರ್ ಆದ ದಿನವೇ ಇಲ್ಲಿ ಹಾಕ್ತೀನಿ.

ಏಳುವರ್ಷ:
ಕಾಯ್ತಿರ್ತೀನಿ ಸರ್. ನಮ್ಮದೂ ಮುಂದಿನ ತಿಂಗಳು ಇಕ್ಸಿಗೆ ಡೇಟ್ ಕೊಟ್ಟಿದಾರೆ.